2002ರಾಗ ರಿಪೇರಿ ಆದ ಎದಿ, ಆಮ್ಯಾಲಿನ ಸರ್ವಿಸ್: ನನ್ನ ರಿವ್ಯೂ

ಹೋದ ವಾರ ಬೆಂಗ್ಳೂರ್ನಾಗ ಹಾರ್ಟಿನ ಚೆಕಪ್ ಮುಗ್ಸಿ ಕಲಬುರಗಿ ಸ್ಟೇಷನ್ನಿನ್ಯಾಗ ಇಳ್ದಿನೋ ಇಲ್ಲೋ ಫೋನಿಗಿ ಮೆಸೇಜ್ ಬಂತು, ನಮ್ಮ ಸೇವೆ ಹೇಗಿತ್ತು, 1ರಿಂದ 5ರೊಳಗೆ ಒಂದು ನಂಬರ್ ಒತ್ತಿ ಅಂತ. 4 ಒತ್ಲಾಕ ಹೋಗಿ ಬಿಟ್ಟೆ. ಯಾವುದಕ್ಕ 4 ಕೊಡ್ಲಿ ಹೇಳ್ರಿ? 2002ರಾಗ ನನ್ನ ಎದಿ ಸೀಳಿ ಹೊಲ್ದಾರಲ್ಲ ಅದಕ್ಕಾ, ಆಮ್ಯಾಲ 15 ವರ್ಷ ಆ ಪೋರಿ ಎಲ್ಲಿ ಹೋದ್ಳು ಅಂತ ಒಬ್ರೂ ಕೇಳಿಲ್ಲ ಅದಕ್ಕಾ, ಇಲ್ಲಿ ನಮ್ಮೂರಾಗ ಎಲ್ಲಾ ನಾರ್ಮಲ್ ಅಂತ ಬರ್ದುಕೊಟ್ಟ ಎಕೋಕ್ಕಾ (ಹಾರ್ಟಿನ ಸ್ಕ್ಯಾನ್), ಇಲ್ಲಾ 2024ರಾಗ ಹಾರ್ಟಿಗಿ ಹಾಕಿದ ಹೊಸ ವಾಲ್ವಿಗಾ (ರಕ್ತ ಹಿಂದಕ್ಕ ಬರದಂಗ ತಡೆಯೋ ಕದ)? ಒಂದು ನಂಬರಿನ್ಯಾಗ ಇದೆಲ್ಲ ಹಿಡಿಯಂಗಿಲ್ಲ, ಅದಕ್ಕ ಬರೀಲತೀನಿ. ಉದ್ದ ಆಗ್ತದ, ಚಾ ಇಟ್ಕೊಂಡು ಕೂಡ್ರಿ. ನನ್ನ ನೋಡಿದ ದವಾಖಾನಿ ಹೆಸ್ರು ಯಾವುದೂ ಬರಿಯಂಗಿಲ್ಲ, ಡಾಕ್ಟರ್ ಹೆಸ್ರೂ ಬರಿಯಂಗಿಲ್ಲ, ಒಳ್ಳೇದು ಮಾಡಿದವ್ರದೂ ಇಲ್ಲ ಕೆಟ್ಟದ್ ಮಾಡಿದವ್ರದೂ ಇಲ್ಲ.

ನಂದು ಶಹಾಪುರ ತಾಲೂಕಿನ ಒಂದು ಹಳ್ಳಿ. ನಾ ಹುಟ್ಟಿದ್ದು 1996, ಆಗ ಯಾದಗಿರಿ ಜಿಲ್ಲಾನೇ ಆಗಿದ್ದಿಲ್ಲ, ಎಲ್ಲಾ ಗುಲಬರ್ಗಾನೇ. ಈಗ ಕಲಬುರಗಿದಾಗ ಒಂದು ದಾಲ್ ಮಿಲ್ ಆಫೀಸಿನ್ಯಾಗ ಲೆಕ್ಕ ಬರೀತೀನಿ. ಸಣ್ಣಾಕಿ ಇದ್ದಾಗ ಅತ್ರ ನನ್ನ ತುಟಿ, ಉಗುರು ನೇರಳಹಣ್ಣು ತಿಂದಂಗ ಆಗ್ತಿದ್ವಂತ. ನಾಕ್ ಹೆಜ್ಜಿ ಓಡಿದ್ರ ದಮ್ ಹತ್ತಿ ಅಲ್ಲೇ ಕುಕ್ಕರಗಾಲಿಲೆ ಕೂತ್ಬಿಡ್ತಿದ್ನಂತ, ಓಣಿ ಮಂದಿ ಈ ಪೋರಿ ಭಾಳ ಸೋಮಾರಿ ಅದ ಅಂತಿದ್ರಂತ. ದೃಷ್ಟಿ ಅಂದ್ರು, ಲಿಂಬಿಹಣ್ಣು ಇಳ್ಸಿದ್ರು, ಶರಣಬಸಪ್ಪನ ಗುಡಿಗಿ ಹರಕಿ ಹೊತ್ರು, ಬಂದೇನವಾಜ್ ದರ್ಗಾದಿಂದ ತಾಯತ ತಂದು ಕಟ್ಟಿದ್ರು. ಅವ್ವ ಇವತ್ತಿಗೂ ಅಂತಾಳ, ಎರಡೂ ಕಡಿ ಹೋಗಿದ್ದಕ್ಕೇ ನೀ ಉಳ್ದಿ ಅಂತ. ನಾ ವಾದ ಮಾಡ್ಲಾಕ ಹೋಗಂಗಿಲ್ಲ.

ಆ ಕುಕ್ಕರಗಾಲಿನ ಅರ್ಥ ನನಗ ತಿಳ್ದಿದ್ದು 26ನೇ ವಯಸ್ಸಿನ್ಯಾಗ. ಹಂಗ ಕೂತ್ರ ಕಾಲಿನ ರಕ್ತನಾಳ ಒತ್ತಿ ಮೈ ಕಡಿ ಹೋಗೋ ರಕ್ತಕ್ಕ ಅಡ್ಡ ಆಗ್ತದ, ಆಗ ರಕ್ತ ಪುಪ್ಪುಸದ ಕಡಿ ಹೊಳ್ಳಿ ಅಲ್ಲಿ ಆಕ್ಸಿಜನ್ ತಗೊಂಡು ಬರ್ತದ, ಕೂಸಿಗಿ ಹಗೂರ ಅನಸ್ತದ. ಮೂರು ವರ್ಷದ ಕೂಸಿಗಿ ಇದು ಯಾರು ಕಲಿಸ್ಯಾರ ನೋಡ್ರಿ. ಸೋಮಾರಿತನ ಅಲ್ಲ, ಮೈ ತಾನೇ ಹುಡುಕ್ಕೊಂಡ ಔಷಧ ಅದು.

ರೋಗದ ಹೆಸ್ರು ಟೆಟ್ರಾಲಜಿ ಆಫ್ ಫ್ಯಾಲೋ. ಡಾಕ್ಟರ್ ಮಂದಿ ಟಿಓಎಫ್ ಅಂತಾರ, ನಮ್ಮ ಮನ್ಯಾಗ ಹಾರ್ಟಿನ್ಯಾಗ ಹೋಲ್ ಅಂತಾರ, ಆದ್ರ ಬರೀ ಹೋಲ್ ಅಲ್ಲ ಅದು. ನಾಕು ತಪ್ಪು ಒಂದೇ ಎದಿಯಾಗ ಇರ್ತಾವ. ಹಾರ್ಟಿನ ಕೆಳಗಿನ ಎರಡು ಕೋಣಿ ನಡುವಿನ ಗ್ವಾಡಿಗಿ ತೂತು, ಪುಪ್ಪುಸಕ್ಕ ಹೋಗೋ ದಾರಿ ಇಕ್ಕಟ್ಟು, ಮೈಗೆಲ್ಲ ರಕ್ತ ಒಯ್ಯೋ ದೊಡ್ಡ ನಾಳ ಸರಿದು ಆ ತೂತಿನ ಮ್ಯಾಲೇ ಬಂದು ಕೂತಿರೋದು, ಮತ್ತ ಇಕ್ಕಟ್ಟಿಗಿ ದಬ್ಬಿ ದಬ್ಬಿ ಬಲಗಡಿ ಕೋಣಿ ಗ್ವಾಡಿ ದಪ್ಪ ಆಗೋದು. ಫ್ಯಾಲೋ ಅಂತ ಫ್ರಾನ್ಸಿನ ಡಾಕ್ಟರ್ 1888ರಾಗ ಈ ನಾಕೂ ಕೂಡಿಸಿ ಬರ್ದಿಟ್ಟಾನ, ಅದಕ್ಕ ಆ ಹೆಸ್ರು. ಆಗ ಉಪಾಯ ಏನೂ ಇದ್ದಿಲ್ಲ, ಬರೀ ಹೆಸ್ರು ಇತ್ತು ಅಷ್ಟೇ.

ಈಗ ರಿವ್ಯೂಕ್ಕ ಬರ್ತೀನಿ. ಮೊದಲನೇದು, 2002ರ ಆಪರೇಷನ್. 5ಕ್ಕ 5, ಇನ್ನೊಂದು ಇದ್ರ ಅದೂ ಕೊಡ್ತಿದ್ದೆ.

ಬೆಂಗ್ಳೂರಿನ ಒಂದು ಟ್ರಸ್ಟ್ ದವಾಖಾನಿ, ಒಂದು ರೂಪಾಯಿ ತಗೊಂಡಿಲ್ಲ. ಆಗ ನಮ್ಮಂಥವ್ರಿಗಿ ಸರ್ಕಾರಿ ಕಾರ್ಡ್ ಅಂತ ಯಾವುದೂ ಇದ್ದಿಲ್ಲ, ವಾಜಪೇಯಿ ಆರೋಗ್ಯಶ್ರೀ ನಮ್ಮ ಗುಲಬರ್ಗಾ ವಿಭಾಗದಾಗ ಶುರು ಆಗಿದ್ದೇ 2010ಕ್ಕ. ಅಪ್ಪ ತೊಗರಿ ಮಾರಿದ ರೊಕ್ಕ ಒಳಚಡ್ಡಿ ಕಿಸೆದಾಗ ಹೊಲ್ಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿದಾಗ ಕರ್ಕೊಂಡು ಹೋಗಿದ್ನಂತ, ಅಲ್ಲಿ ಹೋಗಿ ಬಿಲ್ ಕೌಂಟರ್ ಎಲ್ಲದ ಅಂತ ಕೇಳಿದ್ರ ಇಲ್ಲಿ ಅಂಥಾದ್ದಿಲ್ಲ ಯಜಮಾನ್ರೇ ಅಂದ್ರಂತ, ಅಪ್ಪ ಅಲ್ಲೇ ನೆಲದ ಮ್ಯಾಲ ಕೂತು ಅತ್ತಾನ. ಅಪ್ಪ ಅತ್ತಿದ್ದು ನಾ ನೋಡಿದ್ದು ಅದೊಂದೇ ಸಲ. ಅವತ್ತಿನ ಉಳ್ದಿದ್ದೆಲ್ಲ ಬ್ಯಾರೆಯವ್ರು ಹೇಳಿ ಗೊತ್ತಾಗಿದ್ದು, ಇದೊಂದು ಮಾತ್ರ ನನಗೇ ನೆನಪದ.

ಆರು ತಾಸಿನ ಕೆಲ್ಸ. ಎದಿ ಬಡಿತ ನಿಲ್ಸಿ ಮಷಿನಿಗಿ ಹಚ್ಚಿ ತೂತಿಗಿ ತ್ಯಾಪಿ ಹಾಕಿದ್ರು, ಇಕ್ಕಟ್ಟು ಕೊರ್ದು ತೆಗ್ದ್ರು. ನನ್ನ ಪುಪ್ಪುಸದ ವಾಲ್ವ್ ಭಾಳ ಸಣ್ಣದಿತ್ತಂತ, ಅದಕ್ಕ ವಾಲ್ವಿನ ಬಳೀನೇ ಸೀಳಿ ಅದರ ಅಡ್ಡ ಒಂದು ತ್ಯಾಪಿ ಹಚ್ಚಿ ದಾರಿ ಅಗಲ ಮಾಡ್ಯಾರ. ತಿಳಿಯಂಗ ಹೇಳ್ಬೇಕಂದ್ರ, ಬಾಗ್ಲಾ ಸಣ್ಣದಿತ್ತು, ಚೌಕಟ್ಟು ಒಡ್ದು ಅಗಲ ಮಾಡಿದ್ರು, ಆದ್ರ ಆ ಅಗಲಕ್ಕ ಮುಚ್ಚೋ ಕದ ಉಳೀಲಿಲ್ಲ. ಮುಂದ ಹೋಗೋ ರಕ್ತ ಸಲೀಸು ಹೋಗ್ತದ, ಆದ್ರ ಪ್ರತಿ ಬಡಿತಕ್ಕ ಥೋಡೆ ವಾಪಸ್ ಸೋರ್ತದ. ಈ ಮಾತು ನೆನಪಿಟ್ಕೊಳ್ರಿ, ಮುಂದಿಂದೆಲ್ಲ ಈ ಸೋರೋದರ ಕಥೀನೇ.

ಹತ್ತು ದಿನಕ್ಕ ಮನಿಗಿ ಬಂದೆ. ತುಟಿ ಕೆಂಪಾಗಿದ್ವು. ಆ ಬ್ಯಾಸಿಗಿದಾಗೇ ಅಕ್ಕನ ಜೋಡಿ ಹೊಲದಾಗ ಓಡಿ ಬಿದ್ದು ಮೊಣಕಾಲು ಕೆತ್ಕೊಂಡೆ, ಅವ್ವ ಬೈಯೋದು ಬಿಟ್ಟು ಓಡಿ ಬಿದ್ದಾಳ್ರೀ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ಳು.

ಎರಡನೇದು, ಆಮ್ಯಾಲಿನ ಫಾಲೋ-ಅಪ್. 5ಕ್ಕ 1. ಇದರಾಗ ಅರ್ಧ ತಪ್ಪು ನಮ್ದೂ ಅದ, ಅದೂ ಬರೀತೀನಿ.

ಡಿಸ್ಚಾರ್ಜ್ ಮಾಡುಮುಂದ ವರ್ಷಕ್ಕೊಂದು ಸಲ ಬರ್ರಿ ಅಂದಿದ್ರು. 2006ರತನ ಹೋದ್ವಿ. ಪ್ರತಿ ಸಲ ಹೋಗಿ ಬರ್ಲಾಕ ನಾಕು ದಿನ, ಅಪ್ಪಂದು ನಾಕು ದಿನದ ಕೆಲ್ಸ ಹೋಯ್ತು, ಅಲ್ಲಿ ಹೋದ್ರ ಹತ್ತು ನಿಮಿಷ ನೋಡಿ ಚಂದ ಅದ, ಹೋಗ್ಬನ್ನಿ ಅಂತಿದ್ರು. ಚಂದ ಅದ ಅಂದ್ಮ್ಯಾಲ ಮತ್ತ್ಯಾಕ ಹೋಗ್ಬೇಕು ಅಂತ ನಮ್ಮ ಕಾಕಾ ಅಂದ, ಅಪ್ಪಗೂ ಖರೆ ಅನ್ಸ್ತು. ಯಾರೂ ಸುಳ್ಳು ಹೇಳಿಲ್ಲ. ಆದ್ರ ಒಂದು ಮಾತು ಯಾರೂ ಹೇಳಿದ್ದಿಲ್ಲ, ಇದು ರಿಪೇರಿ, ಗುಣ ಅಲ್ಲ ಅಂತ. ನಮ್ಮ ಪ್ರಕಾರ ಆಪರೇಷನ್ ಅಂದ್ರ ಅಪೆಂಡಿಕ್ಸ್ ತೆಗ್ದಂಗ, ತೆಗ್ದ್ರು, ಮುಗೀತು. ಇದು ಹೆಂಚಿನ ಮನಿ ಇದ್ದಂಗ, ವರ್ಷಾ ಮಳಿಗಾಲಕ್ಕ ಮುಂಚೆ ಏರಿ ನೋಡ್ಬೇಕು, ಸೋರಲಿ ಬಿಡಲಿ.

ಇನ್ನೊಂದು ಗೊತ್ತೇನ್ರಿ, ಮಕ್ಕಳದಾದ್ರ ಈಗ ಹಿಡೀಲಾಕ ಮಂದಿ ಹಾರ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಾಗ ಬಂತು, ಅಂಗನವಾಡಿಗಿ ಸಾಲಿಗಿ ಟೀಮ್ ಬಂದು ಕೂಸುಗಳ ಎದಿ ಕೇಳಿ ನೋಡ್ತಾರ, ನಮ್ಮಕ್ಕನ ಮಗಳಿಗೂ ನೋಡ್ಯಾರ. ಭಾಳ ಚಲೋ ಕೆಲ್ಸ. ಆದ್ರ ಅದು 18 ವರ್ಷದತನ. 19ಕ್ಕ ಬಿದ್ರ ನೀವು ಯಾರ ಲೆಕ್ಕದಾಗೂ ಇಲ್ಲ. ಮಕ್ಕಳ ಡಾಕ್ಟರ್ ನೀ ದೊಡ್ಡಾಕಿ ಆಗಿದಿ ಅಂತಾರ, ದೊಡ್ಡವ್ರ ಹಾರ್ಟ್ ಡಾಕ್ಟರ್ ಬಲ್ಲಿ ಹೋದ್ರ ಅವ್ರಿಗಿ ಬ್ಲಾಕು, ಸ್ಟೆಂಟು, ಬಿಪಿ, ಇವು ದಿನಾ ನೋಡೋವು, ಹುಟ್ಟಿನಿಂದ ಬ್ಯಾರೆ ಥರ ಕಟ್ಟಿದ ಎದಿ ವರ್ಷಕ್ಕ ಎಷ್ಟು ಬರ್ತಾವ ಪಾಪ. ನಾವು ನಡುವ ಬಿದ್ದ ಮಂದಿ.

ಮೂರನೇದು, ಕಲಬುರಗಿದಾಗ ಮಾಡ್ಸಿದ ಮೊದಲನೇ ಎಕೋ. 5ಕ್ಕ 1, ಅದೂ ಎಸಿ ಇತ್ತಂತ.

2021ರಿಂದ ನನಗ ಮೆಟ್ಲು ಹತ್ತಿದ್ರ ದಣಿವು. ಆಫೀಸು ಎರಡನೇ ಮಜಲಿನ್ಯಾಗ ಅದ, ಮೊದಲ ಮಜಲಿಗಿ ನಿಂತು ಫೋನ್ ನೋಡಿದಂಗ ಮಾಡ್ತಿದ್ದೆ, ಮಂದಿಗಿ ತಿಳೀಬಾರ್ದಂತ. ಕೊರೋನಾದ ಹ್ಯಾಂಗೋವರ್ ಅಂದ್ಕೊಂಡೆ, ರಕ್ತ ಕಮ್ಮಿ ಅಂದ್ಕೊಂಡೆ, ಮೇ ತಿಂಗಳ ನಮ್ಮ ಕಲಬುರಗಿ ಬಿಸಿಲಿಗಿ ಯಾರಿಗಿ ದಣಿವಾಗಂಗಿಲ್ಲ ಅಂದ್ಕೊಂಡೆ. ಐರನ್ ಗುಳಿಗಿ ನುಂಗಿದೆ ಆರು ತಿಂಗ್ಳು. ಆಮ್ಯಾಲ ಒಂದಿನ ರಾತ್ರಿ ರೊಟ್ಟಿ ಬಡೀಲತಿದ್ದೆ, ಇದ್ದಕ್ಕಿದ್ದಂಗ ಎದಿ ಡವಡವ ಅಂತ ಕುದುರಿ ಓಡಿದಂಗ ಓಡ್ತು, ಕಣ್ಣು ಮಂಜಾಯ್ತು, ಎರಡು ನಿಮಿಷಕ್ಕ ತಾನೇ ನಿಂತ್ತು. ಮರುದಿನ ಒಂದು ಸೆಂಟರಿಗಿ ಹೋಗಿ ಎಕೋ ಮಾಡ್ಸಿದೆ. ಸಣ್ಣಾಕಿ ಇದ್ದಾಗ ಆಪರೇಷನ್ ಆಗ್ಯದ ಅಂದೆ, ಗಾಯದ ಗೆರಿ ನೋಡಿದ್ರು, ಮುಗಿಸಿದ್ದು ಏಳು ನಿಮಿಷಕ್ಕ. ರಿಪೋರ್ಟಿನ್ಯಾಗ ತೂತು ಮುಚ್ಯದ, ಎಡಗಡಿ ಪಂಪಿಂಗ್ 60 ಪರ್ಸೆಂಟ್, ನಾರ್ಮಲ್ ಅಂತ. ಟೆನ್ಶನ್ ತಗೋಬ್ಯಾಡ್ರಿ ಅಕ್ಕಾ, ಗ್ಯಾಸ್ ಆಗಿರ್ಬೇಕು ಅಂದು ಕಳ್ಸಿದ್ರು.

ಸುಳ್ಳು ಬರ್ದಿಲ್ಲ ಅವ್ರು, ಎಡಗಡಿ ಖರೇನೇ ನೆಟ್ಟಗಿತ್ತು. ಆದ್ರ ನಮ್ಮಂಥವ್ರಿಗಿ ನೋಡ್ಬೇಕಾದ್ದು ಬಲಗಡಿ. ಬಲಗಡಿ ಕೋಣಿ ಎಷ್ಟು ಹಿಗ್ಗ್ಯದ, ಪುಪ್ಪುಸದ ವಾಲ್ವ್ ಎಷ್ಟು ಸೋರ್ತದ, ಇವೆರಡರ ಬಗ್ಗೆ ಒಂದು ಸಾಲು ಇದ್ದಿಲ್ಲ. ಮೋಟಾರ್ ಸೈಕಲ್ ಸೋರ್ತದ ಅಂತ ಒಯ್ದ್ರ ಹಾರ್ನ್ ಚಲೋ ಅದ ಅಂದಂಗ.

ಆ ಗ್ಯಾಸಿನ ಗುಳಿಗಿ ಮೂರು ತಿಂಗ್ಳು ತಿಂದೀನಿ ಮತ್ತ. ಅದು ನನ್ನ ದಡ್ಡತನ.

ನಾಕನೇದು, ಇಲ್ಲೇ ಕಲಬುರಗಿದಾಗ ಎರಡನೇ ಡಾಕ್ಟರ್, ಒಬ್ರು ವಯಸ್ಸಾದ ಫಿಸಿಷಿಯನ್. ಇವ್ರಿಗಿ 5ಕ್ಕ 5, ಮಷಿನ್ ಇಲ್ಲ ಏನಿಲ್ಲ, ಫೀಸ್ 300. ಜ್ವರಕ್ಕಂತ ಹೋಗಿದ್ದೆ ನಾ. ಸ್ಟೆತಸ್ಕೋಪ್ ಇಟ್ಟು ಭಾಳ ಹೊತ್ತು ಸುಮ್ನ ಕೇಳಿದ್ರು, ಜರಾ ಮುಂದ ಬಾಗಮ್ಮಾ, ಉಸ್ರು ಬಿಟ್ಟು ಹಿಡಿ ಅಂದ್ರು, ಮತ್ತ ಕೇಳಿದ್ರು. ರಕ್ತ ಒಂದೇ ಕಡಿ ಹೋಗ್ಲತಿಲ್ಲ, ಹೋಗಿ ಬರ್ಲತದ ಅಂದ್ರು. ಇಸಿಜಿ ತೆಗ್ಸಿ ಸ್ಕೇಲ್ ಇಟ್ಟು ಅಳೆದ್ರು, ಕ್ಯೂಆರ್‌ಎಸ್ ಅನ್ನೋ ಗೆರಿ 168 ಮಿಲಿಸೆಕೆಂಡ್ ಅಗಲ ಅದ, ಇದು 180 ದಾಟೋದ್ರೊಳಗ ನೀ ಬೆಂಗ್ಳೂರಿಗಿ ಹೋಗು ಅಂದ್ರು. ಯಾಕಂತ ಕೇಳಿದ್ದಕ್ಕ ಬಲಗಡಿ ಕೋಣಿ ಹಿಗ್ಗಿದಷ್ಟು ಈ ಗೆರಿ ಅಗಲ ಆಗ್ತದ, 180ರ ಮ್ಯಾಲ ಹೋದವ್ರಿಗಿ ಕೆಟ್ಟ ಬಡಿತ ಬಂದು ಇದ್ದಕ್ಕಿದ್ದಂಗ ಬೀಳೋ ಭಯ ಜಾಸ್ತಿ ಅಂತ ಬಿಡ್ಸಿ ಹೇಳಿದ್ರು. ಟಿಓಎಫ್ ಆಪರೇಷನ್ ಆದವ್ರ ಬಲ್ಲಿ ಈ 180 ಅನ್ನೋ ನಂಬರ್ ಕಂಡುಹಿಡ್ದಿದ್ದು 1995ರಾಗಂತ, ಆಮ್ಯಾಲ ಓದಿದೆ. ಅದೇ ಇಸಿಜಿ ನನಗ ಹಿಂದ ಎರಡು ಸಲ ತೆಗ್ದಿದ್ರು, ಯಾರೂ ಸ್ಕೇಲ್ ಹಚ್ಚಿದ್ದಿಲ್ಲ.

ಐದನೇದು, ಬೆಂಗ್ಳೂರಿನ ದೊಡ್ಡವ್ರ ಹುಟ್ಟು-ಹಾರ್ಟ್ ಕ್ಲಿನಿಕ್, ಅಂದ್ರ ಹುಟ್ಟಿನಿಂದ ಹಾರ್ಟ್ ತೊಂದ್ರಿ ಇದ್ದು ದೊಡ್ಡವ್ರಾದ ಮಂದಿಗಿ ನೋಡೋದು. ಈ ರಿವ್ಯೂ ಮುಖ್ಯ ಇದಕ್ಕೇ.

ಹಿಂಗೊಂದು ಕ್ಲಿನಿಕ್ ಇರ್ತದ ಅನ್ನೋದೇ ನನಗ ಗೊತ್ತಿದ್ದಿಲ್ಲ. ವಾರಕ್ಕ ಒಂದೇ ದಿನ. ಬೆಳಿಗ್ಗೆ 7ಕ್ಕ ಟೋಕನ್, ನನ್ನ ಪಾಳಿ ಬಂದಿದ್ದು ಮಧ್ಯಾಹ್ನ 2.40ಕ್ಕ. ಕಾಯಿಸೋದಕ್ಕ 2 ಸ್ಟಾರ್, ಕುರ್ಚಿ ಕಮ್ಮಿ, ಕ್ಯಾಂಟೀನಿನ್ಯಾಗ ಚಟ್ನಿ ಅಂತ ನೀರು ಕೊಡ್ತಾರ, ಅವ್ವ ಕಟ್ಟಿದ ಶೇಂಗಾ ಹಿಂಡಿ ರೊಟ್ಟಿ ಇದ್ದಿಲ್ಲಂದ್ರ ಉಪವಾಸ. ಆದ್ರ ಒಳಗ ಹೋದ್ಮ್ಯಾಲ ಡಾಕ್ಟರ್ ಮೇಡಂ ನನ್ನ ಜೋಡಿ 40 ನಿಮಿಷ ಕೂತಾರ. 40! ಕೇಳಿದ ಮೊದಲನೇ ಪ್ರಶ್ನೆ, ಹಳೇ ಆಪರೇಷನ್ ನೋಟ್ ಇದೆಯಾ?

ಇತ್ತು. ಅವ್ವನ ಟ್ರಂಕಿನ್ಯಾಗ ಕುಬಸದ ಖಣದಾಗ ಸುತ್ತಿ, ನನ್ನ ಜಾತಕದ ಜೋಡಿ ಇಟ್ಟಿದ್ಳು 20 ವರ್ಷ. ಅವ್ವಗ ಅದರಾಗಿಂದು ಒಂದಕ್ಷರ ಓದ್ಲಾಕ ಬರಂಗಿಲ್ಲ. ಎರಡನೇ ಪುಟದಾಗ ಒಂದು ಸಾಲು ಇತ್ತು, ಟ್ರಾನ್ಸ್ಆನ್ಯುಲರ್ ಪ್ಯಾಚ್ ಅಂತ, ಅಂದ್ರ ನಾ ಮ್ಯಾಲ ಹೇಳಿದ ಚೌಕಟ್ಟು ಒಡ್ದ ಕಥಿ. ಮೇಡಂ ಅದರ ಮ್ಯಾಲ ಬೆರಳಿಟ್ಟು ನನ್ನ ಮುಖ ನೋಡಿದ್ರು. ಎಕೋ ಮಾಡೋಕ ಮುಂಚೇನೇ ಅರ್ಧ ರೋಗ ಅವ್ರಿಗಿ ತಿಳೀತು ಆ ಒಂದು ಸಾಲಿನ ಮ್ಯಾಲ. ನಿಮ್ಮನ್ಯಾಗ ಇಂಥಾ ಕೂಸು ಇದ್ರ ಆ ಹಾಳಿ ಲ್ಯಾಮಿನೇಷನ್ ಮಾಡ್ಸಿ ಇಡ್ರಿ, ಡಿಸ್ಚಾರ್ಜ್ ಹಾಳಿ ಬ್ಯಾರೆ, ಆಪರೇಷನ್ ನೋಟ್ ಬ್ಯಾರೆ, ಕೊಟ್ಟಿಲ್ಲಂದ್ರ ಕೇಳಿ ಇಸ್ಕೊಳ್ರಿ.

ಆಮ್ಯಾಲ ಹಾರ್ಟಿನ ಎಂಆರ್‌ಐ. ನನ್ನ ಕಿಸೆದಿಂದ 9,500 ಹೋಯ್ತು. ಒಂದು ತಾಸು ಆ ಸುರಂಗದಾಗ ಮಲ್ಗಿ ಉಸ್ರು ಬಿಡಿ, ಹಿಡಿರಿ, ಈಗ ಉಸಿರಾಡಿ ಅಂತ ಹೆಡ್‌ಫೋನಿನ್ಯಾಗ ಹೇಳ್ತಿರ್ತಾರ, ಹೊರಗ ತಗಡು ಬಡಿದಂಗ ಸಪ್ಪಳ. ಎಕೋದಾಗ ಬಲಗಡಿ ಕೋಣಿ ನೆಟ್ಟಗ ಅಳೀಲಾಕ ಬರಂಗಿಲ್ಲಂತ, ಅದರ ಆಕಾರಾನೇ ಸೊಟ್ಟ, ಎಂಆರ್‌ಐನಾಗೇ ಖರೆ ಲೆಕ್ಕ ಸಿಗೋದು. ನಂದು ಮೈ ಅಳತಿಗಿ ಹೋಲ್ಸಿ 171 ಮಿಲಿಲೀಟರ್ ಬಂತು. 150, 160 ದಾಟಿದ್ರ ಹೊಸ ವಾಲ್ವ್ ಹಾಕೋ ವಿಚಾರ ಶುರು ಮಾಡ್ತಾರ, ಯಾಕಂದ್ರ ಕೋಣಿ ಭಾಳ ಹಿಗ್ಗಿದ್ಮ್ಯಾಲ ಹಾಕಿದ್ರ ಅದು ಮೊದ್ಲಿನ ಅಳತಿಗಿ ಬರಂಗಿಲ್ಲ. ಪುಗ್ಗಿ ನೋಡಿರಲ್ಲ, ಒಂದು ಹದ್ದಿನ ತನಕ ಊದಿದ್ರ ಗಾಳಿ ಬಿಟ್ಟಾಗ ಸಣ್ಣದಾಗ್ತದ, ಹದ್ದು ಮೀರಿದ್ರ ಸಡ್ಲಾಗಿ ಜೋತ್ಬೀಳ್ತದ. ನಾ ಆ ಹದ್ದಿನ ಮ್ಯಾಲ ನಿಂತಿದ್ದೆ. ಮಜಾ ಅಂದ್ರ, ತ್ರಾಸು ಆಗೋತನ ಕಾಯ್ಕೊಂಡು ಕೂತ್ರ ಭಾಳ ಮಂದಿಗಿ ತಡ ಆಗಿರ್ತದಂತ, ಯಾಕಂದ್ರ ಸಣ್ಣಂದಿನಿಂದ ಇದೇ ಎದಿ ಇದ್ದವ್ರಿಗಿ ದಮ್ ಹತ್ತೋದೇ ನಾರ್ಮಲ್ ಅನ್ನಸ್ತದ. ನನಗೂ ಹಂಗೇ ಅನ್ನಿಸಿತ್ತಲ್ಲ, ಮೊದಲ ಮಜಲಿನ ಫೋನು.

ಕಾಯೋ ಹಾಲಿನ ಬಗ್ಗೆ ಬರೀದಿದ್ರ ಈ ರಿವ್ಯೂ ಅರ್ಧ ಆಗ್ತದ. ಅಲ್ಲಿ ಕೂತವ್ರೆಲ್ಲರ ಎದಿ ಮ್ಯಾಲ ಒಂದೇ ಗೆರಿ. ಹೈಸ್ಕೂಲಿನ್ಯಾಗ ಕಾಲರ್ ಬಟನ್ ಹಾಕ್ಕೊಂಡೇ ಕಳೆದಾಕಿ ನಾ, ಅಲ್ಲಿ ಮೊದಲನೇ ಸಲ ದುಪ್ಪಟ್ಟಾ ಸರ್ಸಿ ಕೂತೆ. ಬಾಜೂಕ ಬೀದರ್ ಕಡಿಯವ್ರು, ಔರಾದ್ ಹತ್ರದವ್ರು, 17 ವರ್ಷದ ಮಗನ್ನ ಕರ್ಕೊಂಡು ಬಂದಿದ್ರು. ನಮ್ಮ ಪೋರಗ ಅರ್ಧ ಹಾರ್ಟೇ ಅದ ನೋಡ್ರಿ ತಂಗಿ ಅಂದ್ರು ಅವ್ರ ಅಪ್ಪ, ಮಳಿ ಬಂದದ ನೋಡ್ರಿ ಅಂದಂಗ. ಅವ್ಗ ಆಗಿದ್ದು ಫಾಂಟಾನ್ ಆಪರೇಷನ್. ಕೆಳಗಿನ ಎರಡು ಕೋಣಿದಾಗ ಒಂದೇ ಕೆಲ್ಸ ಮಾಡ್ತದ, ಅದಕ್ಕ ಆ ಒಂದನ್ನ ಮೈಗಿ ರಕ್ತ ದಬ್ಲಾಕ ಬಿಟ್ಟು, ಮೈಯಿಂದ ಹೊಳ್ಳಿ ಬರೋ ಮಲಿನ ರಕ್ತದ ನಾಳ ಒಯ್ದು ಸೀದಾ ಪುಪ್ಪುಸದ ನಾಳಕ್ಕ ಜೋಡಸ್ತಾರ. ನಡುವ ಪಂಪೇ ಇಲ್ಲ, ಓವರ್‌ಹೆಡ್ ಟ್ಯಾಂಕಿನ ನೀರಿನಂಗ ಒತ್ತಡದ ಮ್ಯಾಲ ಹರೀಬೇಕು. ಫ್ರಾನ್ಸಿನ ಬೋರ್ಡೋ ಊರಾಗ ಫ್ರಾನ್ಸಿಸ್ ಫಾಂಟಾನ್ 1968ರಾಗ ಮೊದಲ ಸಲ ಮಾಡಿ 1971ರಾಗ ಪ್ರಕಟ ಮಾಡಿದ್ದು. ಆ ಹುಡ್ಗ ಸಾಲಿಗಿ ಹೋಗ್ತಾನ, ಕ್ರಿಕೆಟ್ಟಿನ್ಯಾಗ ಅಂಪೈರ್ ಆಗ್ತಾನ, ಅವತ್ತು ಅವ್ನ ತಪಾಸಣಿ ಇದ್ದಿದ್ದು ಹಾರ್ಟಿಂದಲ್ಲ, ಲಿವರಿಂದು! ಪಂಪ್ ಇಲ್ಲದ್ದಕ್ಕ ಹಿಂದಿನ ನಾಳದಾಗ ಒತ್ತಡ ಯಾವಾಗ್ಲೂ ಜಾಸ್ತಿ, ಅದನ್ನ ವರ್ಷಾನುಗಟ್ಲೆ ತಡ್ಕೊಂಡು ಲಿವರ್ ಗಟ್ಟಿ ಆಗ್ತಾ ಹೋಗ್ತದ. ಆ ಅಪ್ಪಗ ಇದೆಲ್ಲ ಬಾಯಿಪಾಠ, ಮೂರನೇತ್ತೆ ಓದ್ಯಾರ ಅಷ್ಟೇ, ನನಗ ಪಾಠ ಮಾಡಿದ್ದು ಅವ್ರೇ.

ಅವತ್ತು ರಾತ್ರಿ ಲಾಡ್ಜಿನ್ಯಾಗ ನಿದ್ದಿ ಬರ್ಲಿಲ್ಲ, ಫೋನಿನ್ಯಾಗ ಓದ್ಕೋತ ಕೂತೆ. ನನ್ನ ಸಿಟ್ಟು ಜರಾ ಇಳ್ದಿದ್ದು ಅಲ್ಲೇ. 2002ರಾಗ ನನಗ ಯಾಕ ಯಾರೂ ಮುಂದಿಂದು ಹೇಳ್ಲಿಲ್ಲ ಅಂದ್ರ, ಈ ಮುಂದಿಂದು ಅನ್ನೋದು ಜಗತ್ತಿಗೇ ಹೊಸಾದಿತ್ತು. ನನ್ನಂಗ ತುಟಿ, ಉಗುರು ನೀಲಿ ಆಗೋ ಕೂಸುಗಳಿಗಿ ಮೊದಲ ಆಪರೇಷನ್ ಆಗಿದ್ದು 1944ರ ನವೆಂಬರ್ 29ಕ್ಕ, ಅಮೇರಿಕಾದ ಜಾನ್ಸ್ ಹಾಪ್ಕಿನ್ಸ್ ದವಾಖಾನಿದಾಗ. ಚಾಕು ಹಿಡ್ದಿದ್ದು ಬ್ಲಾಲಾಕ್, ವಿಚಾರ ಕೊಟ್ಟಿದ್ದು ಹೆಲೆನ್ ಟೌಸಿಗ್ ಅನ್ನೋ ಮಕ್ಕಳ ಡಾಕ್ಟರ್, ನಾಯಿಗಳ ಮ್ಯಾಲ ಮಾಡಿ ಮಾಡಿ ಹೊಲಿಗಿ ಕಂಡುಹಿಡ್ದಿದ್ದು ವಿವಿಯನ್ ಥಾಮಸ್ ಅನ್ನೋ ಕರಿಯರ ಲ್ಯಾಬ್ ಸಹಾಯಕ, ಡಾಕ್ಟರ್ ಡಿಗ್ರಿ ಇಲ್ಲ ಏನಿಲ್ಲ, ಬ್ಲಾಲಾಕ್ ಹಿಂದ ಸ್ಟೂಲ್ ಮ್ಯಾಲ ನಿಂತು ಹಿಂಗ ಹೊಲೀರಿ ಅಂತ ಹೇಳ್ಕೊಟ್ಟಾನ. ಎದಿ ತೆರ್ದು ಪೂರ್ತಿ ರಿಪೇರಿ ಮಾಡಿದ್ದು 1954ರಾಗ, ಲಿಲ್ಲಿಹೈ ಅನ್ನೋರು. ಅಲ್ಲಿಂದ ಆ ಕೂಸುಗಳು ದೊಡ್ಡವ್ರಾಗಿ, ಮದಿವ್ಯಾಗಿ, ಮಕ್ಕಳು ಹಡ್ದು, ಮುದುಕ್ರಾದ್ಮ್ಯಾಲೇ ಅಲ್ವೇನ್ರಿ 30 ವರ್ಷಕ್ಕ ಏನಾಗ್ತದ ಅನ್ನೋದು ತಿಳಿಯೋದು. ಮೇಯೋ ಕ್ಲಿನಿಕ್ಕಿನವ್ರು 1955ರಿಂದ 1960ರೊಳಗ ಟಿಓಎಫ್ ಆಪರೇಷನ್ ಆಗಿ ಮೊದಲ ತಿಂಗ್ಳು ದಾಟಿದ 163 ಮಂದಿ ಲೆಕ್ಕ ಇಟ್ಟು 1993ರಾಗ ಬರ್ದಾರ, 32 ವರ್ಷ ಆದ್ಮ್ಯಾಲ 100ಕ್ಕ 86 ಮಂದಿ ಬದುಕಿದ್ರು, ಅದೇ ವಯಸ್ಸಿನ ಬ್ಯಾರೆ ಮಂದಿಗಿ ಆ ಲೆಕ್ಕ 96. ನಾ ಆ 86 ಅನ್ನೋ ನಂಬರ್ ಭಾಳ ಹೊತ್ತು ನೋಡ್ದೆ. ಆಪರೇಷನ್ ಇಲ್ಲದಿದ್ರ ಅವ್ರಾಗ ಭಾಳ ಮಂದಿ ಸಣ್ಣವ್ರಿದ್ದಾಗೇ ಹೋಗ್ತಿದ್ರು. ಖುಷಿ ಪಡ್ಬೇಕಾ ಹೆದರ್ಬೇಕಾ ತಿಳೀಲಿಲ್ಲ, ಎದ್ದು ಒಂದು ರೊಟ್ಟಿ ತಿಂದೆ.

ಸೋರೋ ವಾಲ್ವ್ ಅಷ್ಟೇನೂ ತ್ರಾಸು ಕೊಡಂಗಿಲ್ಲ, ಮೈ ತಡ್ಕೊಳ್ತದ ಅಂತಾನೇ ಭಾಳ ವರ್ಷ ದೊಡ್ಡ ದೊಡ್ಡ ಡಾಕ್ಟರೂ ಅಂದ್ಕೊಂಡಿದ್ರಂತ. ಹಂಗಂದ್ಮ್ಯಾಲ ನಮ್ಮ ಕಾಕಾಗ ಏನಂತ ಬೈಲಿ.

ಆರನೇದು, ಕಾರ್ಡು ಮತ್ತ ಕಾಗದ. ಬಿಪಿಎಲ್ ಮಂದಿಗಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ವರ್ಷಕ್ಕ ಮನಿಗಿ 5 ಲಕ್ಷದತನ ಅದ, ಆಪರೇಷನ್ ಖರ್ಚು ನನಗ ಅದರಾಗೇ ಆಯ್ತು, ಅದಕ್ಕ ಕೈ ಮುಗೀತೀನಿ. ಆದ್ರ ರೆಫರಲ್ ಲೆಟರ್ ಬೇಕಲ್ಲ, ಅದಕ್ಕ ಒಂದು ಸರ್ಕಾರಿ ದವಾಖಾನಿಗಿ ನಾಕು ಸಲ ಅಡ್ಡಾಡೀನಿ. ಒಂದಿನ ಸಾಹೇಬ್ರು ಮೀಟಿಂಗಿನ್ಯಾಗ, ಒಂದಿನ ಸರ್ವರ್ ಡೌನ್, ಒಂದಿನ ನಿಮ್ಗ ಹಿಂದೇ ಆಪರೇಷನ್ ಆಗ್ಯದಲ್ಲ ಮತ್ತ್ಯಾಕ ಅಂತ ಕೇಳಿದ್ರು. ಅಲ್ಲೇ ಖಿಡಕಿ ಮುಂದ ನಿಂತು ಚೌಕಟ್ಟಿನ ಕಥಿ ಶುರುದಿಂದ ಹೇಳೀನಿ, ಹಿಂದ ನಿಂತ ಒಬ್ಬ ಅಜ್ಜ ಬರ್ದುಕೊಡ್ರೋ ಮಾರಾಯ, ಪೋರಿ ದಮ್ ಹತ್ತಿ ನಿಂತಾಳ ಅಂತ ಜೋರು ಮಾಡಿದ್ದಕ್ಕ ಸೀಲ್ ಬಿತ್ತು. 5ಕ್ಕ 2, ಆ ಎರಡೂ ಅಜ್ಜಗ.

ಏಳನೇದು, ವಾಲ್ವ್. ಈಗ ತೊಡಿ ನಾಳದಿಂದ ವಾಲ್ವ್ ತೂರ್ಸಿ ಎದಿಗಿ ಕೂಡಿಸ್ತಾರ, 2000ದಾಗ ಪ್ಯಾರಿಸ್ಸಿನ್ಯಾಗ ಬಾನ್‌ಹೋಫರ್ ಅನ್ನೋ ಡಾಕ್ಟರ್ ಒಬ್ಬ 12 ವರ್ಷದ ಹುಡುಗಗ ಮೊದಲ ಸಲ ಹಾಕಿದ್ದು. ನನಗೂ ಹಂಗೇ ಆಗ್ಲಿ, ಎದಿ ಮತ್ತ ಸೀಳೋದು ಬ್ಯಾಡ ಅಂತ ಆಸಿ ಇತ್ತು, ಆದ್ರ ನನ್ನ ದಾರಿ ಹಿಗ್ಗಿ ಭಾಳ ಅಗಲ ಆಗಿತ್ತು, ಅವ್ರ ಬಲ್ಲಿದ್ದ ಸೈಜ್ ಕೂಡಂಗಿಲ್ಲ ಅಂದ್ರು. ಅಂದ್ರ ಮತ್ತ ಅದೇ ಹಳೇ ಗೆರಿ ಮ್ಯಾಲ ಕತ್ರಿ.

ಯಾವ ವಾಲ್ವ್ ಅನ್ನೋದ್ರಾಗ ನಮ್ಮ ಮನ್ಯಾಗ ಒಂದು ವಾರ ಪಂಚಾಯ್ತಿ. ಲೋಹದ್ದು ಹಾಕಿದ್ರ ರಕ್ತ ತೆಳು ಮಾಡೋ ವಾರ್ಫರಿನ್ ಗುಳಿಗಿ ಜೀವನಪೂರ್ತಿ, ಮ್ಯಾಲಿಂದ ಮ್ಯಾಲ ರಕ್ತ ತಪಾಸಣಿ, ಹೊಟ್ಟಿಲಿದ್ದಾಗ ಆ ಗುಳಿಗಿ ಕೂಸಿಗಿ ಅಪಾಯ. ಅದಕ್ಕ ಪ್ರಾಣಿ ಅಂಗಾಂಶದ್ದೇ ಚಲೋ ಅಂದ್ರು. ಅವ್ವ ಕೇಳಿದ್ಳು, ಯಾವ ಪ್ರಾಣಿದ್ರಿ? ನಾವು ಲಿಂಗಾಯತರು, ಮನ್ಯಾಗ ತತ್ತಿ ತರಂಗಿಲ್ಲ. ಮೇಡಂ ಮುಚ್ಚಿಡ್ಲಿಲ್ಲ, ದನದ ಹೃದಯದ ಪೊರೆಯಿಂದ ಮಾಡಿದ್ದು ಅದ, ಹಂದಿದೂ ಅದ ಅಂದ್ರು. ಕಾಕಾ ಎದ್ದು ಹೊರಗ ಹೋದ. ಅವ್ವ ಭಾಳ ಹೊತ್ತು ಸುಮ್ನ ಕೂತು ಅಂದ್ಳು, ಹೊಟ್ಟಿಗಿ ಹೋಗೋದು ಬ್ಯಾರೆ, ಎದಿಗಿ ಹೋಗೋದು ಬ್ಯಾರೆ, ಹಾಕ್ರಿ. ಅಷ್ಟೇ. ಆ ಕ್ಲಿನಿಕ್ಕಿಗಿ ನಾ ಕೊಡೋ ಸ್ಟಾರಿನ್ಯಾಗ ಒಂದು, ಆವಾಗ ಮೇಡಂ ಗಡಿಬಿಡಿ ಮಾಡ್ದೆ ಸುಮ್ನ ಕೂತಿದ್ದಕ್ಕ.

2024ರ ಜನವರಿದಾಗ ಆಯ್ತು. ಎರಡನೇ ಸಲದ್ದು ಮೊದಲಿನಕಿಂತ ನೋವು ಜಾಸ್ತಿ, ಒಳಗೆಲ್ಲ ಹಳೇ ಗಾಯ ಅಂಟ್ಕೊಂಡಿರ್ತದಂತ. ಐಸಿಯು ನರ್ಸುಗಳು ಬಂಗಾರದಂಥವ್ರು, ಫಿಸಿಯೋಥೆರಪಿ ಹುಡ್ಗ ಮಾತ್ರ ಕೆಮ್ಮ್ರಿ ಕೆಮ್ಮ್ರಿ ಅಂತ ಜೀವ ತಿಂದ. ಆರು ತಿಂಗಳಿಗಿ ಎಂಆರ್‌ಐದಾಗ ಬಲಗಡಿ ಕೋಣಿ 171ರಿಂದ 118ಕ್ಕ ಇಳ್ದಿತ್ತು. ಆಫೀಸಿನ ಎರಡನೇ ಮಜಲಿಗಿ ಈಗ ನಿಂದ್ರದೇ ಹತ್ತೀನಿ. ಈ ವಾಲ್ವೂ 10, 15 ವರ್ಷಕ್ಕ ಸವೀತದ, ಆಗ ಇದರ ಒಳಗೇ ತೊಡಿಯಿಂದ ಇನ್ನೊಂದು ಕೂಡಿಸ್ಬಹುದು, ಅದಕ್ಕಂತಾನೇ ಜರಾ ದೊಡ್ಡ ಸೈಜ್ ಹಾಕ್ಯಾರಂತ. ಇದನ್ನ ಮೊದ್ಲೇ ನನ್ನ ಮುಂದ ಕೂಡ್ರಿಸ್ಕೊಂಡು ಹೇಳಿದ್ರು ನೋಡ್ರಿ, 2002ಕ್ಕೂ ಈಗಿಗೂ ನನಗ ಕಂಡ ಫರಕು ಅದೊಂದೇ, ಮತ್ತ ಅದು ಭಾಳ ದೊಡ್ಡ ಫರಕು.

ಮದಿವಿ ವಿಷಯ ಹೆಣ್ಮಕ್ಕಳು ಕೇಳ್ತೀರಿ ಅಂತ ಗೊತ್ತು, ಬರೀತೀನಿ. ಮೂರು ಸಂಬಂಧ ಬಂದು ಗೆರಿ ಕಥಿ ಕೇಳಿ ಹೋದ್ವು, ಒಬ್ರಂತೂ ವಾರಂಟಿ ಎಷ್ಟು ವರ್ಷ ಅಂತ ಕೇಳಿದ್ರು, ನಗ್ತಾನೇ. ಈಗ ಒಂದು ಕಡಿ ಮಾತು ನಡದದ, ಹುಡ್ಗಗ ಎಲ್ಲಾ ರಿಪೋರ್ಟ್ ವಾಟ್ಸಾಪ್ ಮಾಡೀನಿ, ಹೋದ ವಾರ ಅವ್ನೇ ಕ್ಲಿನಿಕ್ಕಿಗಿ ಜೋಡಿ ಬಂದಿದ್ದ. ಮೇಡಂ ಹೇಳಿದ್ದು, ಕೋಣಿ ಹಿಂಗೇ ಚಲೋ ಇದ್ರ ಮಕ್ಕಳು ಮಾಡ್ಕೋಬಹುದು, ಆದ್ರ ಹೊಟ್ಟಿಲಾಗೋಕ ಮುಂಚೆ ಬಂದು ತೋರಿಸ್ಬೇಕು, ಆದ್ಮ್ಯಾಲ ಅಲ್ಲ. ಸಾಮಾನ್ಯ ಮಂದಿಗಿ 100ಕ್ಕ ಒಂದು ಕೂಸಿಗಿಂತ ಕಮ್ಮಿ ಎದಿ ತೊಂದ್ರಿ ಇರ್ತದ, ನಮ್ಮಂಥವ್ರ ಕೂಸುಗಳಿಗಿ 3ರಿಂದ 5. 18ರಿಂದ 22 ವಾರದಾಗ ಕೂಸಿನ ಎಕೋ ಮಾಡಿ ನೋಡ್ತಾರ. ಇನ್ನೊಂದು ರಕ್ತ ತಪಾಸಣಿ ಅದ, 22ನೇ ಕ್ರೋಮೋಸೋಮಿಂದು. ಟಿಓಎಫ್ ಇದ್ದವ್ರಾಗ ಸುಮಾರು 100ಕ್ಕ 15 ಮಂದಿಗಿ ಅದರಾಗ ಒಂದು ಚೂರು ಕಮ್ಮಿ ಇರ್ತದಂತ, ಇದ್ರ ಕೂಸಿಗಿ ಹೋಗೋ ಸಂಭವ ಅರ್ಧಕ್ಕರ್ಧ. ನಂದು ಮಾಡ್ಸೀನಿ, ಇಲ್ಲ ಅಂತ ಬಂತು. ಆ ಹುಡ್ಗ ಹೊರಗ ಬಂದು ಕೇಳಿದ್ದು ಒಂದೇ, ಇಲ್ಲಿ ಚಟ್ನಿ ಯಾವಾಗ್ಲೂ ಹಿಂಗೇ ಇರ್ತದೇನು ಅಂತ. ನನಗ ಸಾಕಾಯ್ತು.

ಹಲ್ಲಿಂದೂ ಹೇಳ್ಬಿಡ್ತೀನಿ, ಯಾರೂ ಹೇಳಂಗಿಲ್ಲ ಇದು. ವಾಲ್ವ್ ಹಾಕ್ಸಿದವ್ರು ಹಲ್ಲು ಕೀಳ್ಸೋದು, ವಸಡಿನ ಕೆಲ್ಸ ಮಾಡ್ಸೋದು ಇದ್ರ ಒಂದು ತಾಸು ಮುಂಚೆ ಆ್ಯಂಟಿಬಯಾಟಿಕ್ ತಗೋಬೇಕು, ಇಲ್ಲಂದ್ರ ಬಾಯಿನ ಕ್ರಿಮಿ ರಕ್ತದಾಗ ಹೋಗಿ ವಾಲ್ವಿಗಿ ಗೂಡು ಕಟ್ತಾವ. ಇಲ್ಲಿ ಒಬ್ರು ಹಲ್ಲಿನ ಡಾಕ್ಟರ್, ಒಂದು ಹಲ್ಲಿಗಿ ಅಷ್ಟೆಲ್ಲ ಯಾಕ್ರಿ ಅಂದು ಇಕ್ಕಳ ಹಿಡ್ದೇ ನಿಂತಿದ್ರು, ನಾ ಎದ್ದು ಬಂದೀನಿ. ಬ್ಯಾರೆ ಕಡಿ ಮಾಡ್ಸ್ದೆ. ಕ್ಲಿನಿಕ್ಕಿನವ್ರು ಇದೇ ಮಾತು ಬರ್ದು ಕೊಟ್ಟ ಒಂದು ಸಣ್ಣ ಕಾರ್ಡ್ ಪರ್ಸಿನ್ಯಾಗ ಇಟ್ಟೀನಿ, ಆಧಾರ್ ಹಿಂದೇ.

ನಮ್ಮ ಕಲಬುರಗಿದಾಗೂ ಜಯದೇವ ಹಾರ್ಟ್ ದವಾಖಾನಿಯ ಹೊಸ ಕಟ್ಟಡ 2024ರ ಡಿಸೆಂಬರ್ನಾಗ ಶುರು ಆಗ್ಯದ, 371 ಹಾಸಿಗಿ, ನಂಬರ್ ನೋಡಿದ್ರ ನಮ್ಗೆಲ್ಲ ನಮ್ಮ ಭಾಗಕ್ಕ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ನೆನಪಾಗ್ತದ. ಬಸ್ಸಿನ್ಯಾಗ ಅದರ ಮುಂದ ಹೋದಾಗೆಲ್ಲ ಅನ್ಕೋತೀನಿ, ತಿಂಗ್ಳಿಗಿ ಒಂದೇ ದಿನ ಬೆಂಗ್ಳೂರಿನ ಆ ಮೇಡಂ ಥರದವ್ರು ಇಲ್ಲಿ ಬಂದು ಕೂತು, ಬೀದರ್, ಯಾದಗಿರಿ, ರಾಯಚೂರು ಕಡಿಯ ಗೆರಿ ಮಂದಿನೆಲ್ಲ ಕರ್ದು ನೋಡಿದ್ರ ಆ ಔರಾದಿನ ಅಪ್ಪಗ ನಾಕು ದಿನದ ಕೂಲಿ ಉಳೀತದ.

ಮೆಸೇಜಿಗಿ ಕೊನಿಗಿ 4 ಒತ್ತೀನಿ. ಒಂದು ಕಮ್ಮಿ ಮಾಡಿದ್ದು ಕುರ್ಚಿಗಿ. ಮುಂದಿನ ಎಕೋ ಮುಂದಿನ ವರ್ಷ ಫೆಬ್ರವರಿದಾಗ ಅದ, ತಾರೀಕು ಅವ್ರೇ ಬರ್ದುಕೊಟ್ಟಾರ, ನಾ ಹೋಗ್ಲಿಲ್ಲಂದ್ರ ಫೋನ್ ಮಾಡ್ತಾರಂತ, ನೋಡೋಣು. ಹಾಳಿ ಅವ್ವ ಇಸ್ಕೊಂಡು ಟ್ರಂಕಿನ್ಯಾಗ ಇಟ್ಟಾಳ, ಖಣಾ ಮಾತ್ರ ಹೊಸಾದು.